ಅಳಿಸುವ ಮುನ್ನ ಅರಳಿ ಕಟ್ಟೆಗೆ ಬನ್ನಿ

ಒಡ್ಡನ್‌ಛತ್ರಂ, ಪಳನಿ, ತೇಣಿ, ಕಂಬಂ ಎಂಬ ತಮಿಳುನಾಡಿನ ಊರುಗಳ ಕಡೆಯ ಕನ್ನಡ ಮಾತಿನ ಮನೆಯವರಿಗೂ, ದೂರದ ಬೆಂಗಳೂರು ಮೈಸೂರುಗಳಿಂದ ಅಕ್ಕರೆಯಿಟ್ಟು ನಮ್ಮ ಬಗ್ಗೆ ಬರೆಯುವವರಿಗೂ ಒಂದು ಕೋರಿಕೆ. ವಿಕಿಪೀಡಿಯದಲ್ಲಿ ನಮ್ಮ ಸಮುದಾಯಗಳ ಪುಟಗಳ ಮೇಲೆ ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಅಳಿಸುವ ಈ ಆಟವನ್ನು ಬಿಡೋಣ. ಜಗಳವೇ ಬೇಡ ಎನ್ನುತ್ತಿಲ್ಲ. ಜಗಳ ಆಗಲಿ, ಆದರೆ ಅದಕ್ಕೆಂದೇ ಇರುವ ಜಾಗದಲ್ಲಿ ಆಗಲಿ.

ಜಗಳದ ವಿಷಯಗಳು ನಿಮಗೆ ಗೊತ್ತೇ ಇವೆ. ಮೊದಲನೆಯದು, ನಾವು ಈ ಸೀಮೆಗೆ ಬಂದದ್ದು ಯಾವಾಗ ಎಂಬುದು. ಹೊಯ್ಸಳರ ಕಾಲದಲ್ಲಿ ಎನ್ನುವವರಿದ್ದಾರೆ. 13ನೇ ಶತಮಾನದಲ್ಲಿ ಹೊಯ್ಸಳರು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನೆಲೆ ಮಾಡಿಕೊಂಡಿದ್ದು ನಿಜ. ವಿಜಯನಗರದ ಕುಮಾರ ಕಂಪಣನ ದಂಡಿನ ಜೊತೆ ಎನ್ನುವವರಿದ್ದಾರೆ. 14ನೇ ಶತಮಾನದಲ್ಲಿ ಅವನು ಮಧುರೈ ಸುಲ್ತಾನರನ್ನು ಸೋಲಿಸಿದ್ದೂ ನಿಜ. ವಿಶ್ವನಾಥ ನಾಯಕನ ಕಾಲದಲ್ಲಿ ಮಧುರೈ ಸೀಮೆಯನ್ನು 72 ಪಾಳೆಯಪಟ್ಟುಗಳಾಗಿ ಹಂಚಿದಾಗ ಪಾಳೆಯಗಾರರ ಬೆನ್ನಿಗೆ ಬಂದೆವು ಎನ್ನುವವರೂ ಇದ್ದಾರೆ. ಹೀಗೆ ಮೂವರ ಕೈಯಲ್ಲೂ ಒಂದೊಂದು ನಿಜವಿದೆ. ಆದರೆ ಇಂಥ ಒಕ್ಕಲು ಇಂಥ ಕಾಲಕ್ಕೆ ಕಂಬಂ ಕಣಿವೆಗೆ ಇಳಿಯಿತು ಎಂದು ಅವುಗಳಲ್ಲಿ ಒಂದೂ ಹೇಳುವುದಿಲ್ಲ. ರಾಜ ಬಂದ ದಾರಿಯಲ್ಲೇ ರೈತನೂ ಬಂದಿರಬೇಕು ಎಂಬುದು ನಮ್ಮ ಊಹೆ. ನಾವು ತುಂಗಭದ್ರೆಯ ಕಡೆಯಿಂದ ಬಂದೆವೆಂದು ಮನೆಯ ಹಿರಿಯರು ಹೇಳುವ ಕತೆ ಮತ್ತೊಂದು. ಊಹೆಯನ್ನು ಊಹೆ ಎಂದೂ, ಕತೆಯನ್ನು ಕತೆ ಎಂದೂ ಬರೆದರೆ ಎಲ್ಲಕ್ಕೂ ಪುಟದಲ್ಲಿ ಜಾಗವಿದೆ. ಇತಿಹಾಸ ಎಂದು ಬರೆದಾಗಲೇ ಪಕ್ಕದವನು ಅಳಿಸುವ ಗುಂಡಿ ಒತ್ತುವುದು.

ಎರಡನೆಯದು ಇನ್ನೂ ಬಿಸಿ: ನಮ್ಮ ಸೀಮೆಯ ಕನ್ನಡ ಮಾತಿನ ಕಪ್ಪಿಲಿಯರೂ ಒಕ್ಕಲಿಗರೂ ಒಂದೇನಾ, ಬೇರೆನಾ? ಒಂದೇ ಎನ್ನುವವರು ತಮಿಳುನಾಡು ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯನ್ನು ಮುಂದಿಡುತ್ತಾರೆ. ಅಲ್ಲಿ ವೊಕ್ಕಲಿಗರ್ ಎಂಬ ಒಂದೇ ನಮೂದಿನಡಿ ಕಪ್ಪಿಲಿಯರ ಹೆಸರೂ ಇದೆ. ಬೇರೆ ಎನ್ನುವವರು ಕಪ್ಪಿಲಿಯರಿಗೆ ಬೇರೆಯೇ ಅಧ್ಯಾಯವಿರುವ ಎಡ್ಗರ್ ಥರ್ಸ್ಟನ್‌ನ ಪುಸ್ತಕ ತೆರೆಯುತ್ತಾರೆ. ನನ್ನ ಅನಿಸಿಕೆಯಲ್ಲಿ ಎರಡೂ ಕಡೆಯವರು ತಪ್ಪು ಬಾಗಿಲು ಬಡಿಯುತ್ತಿದ್ದಾರೆ. ಸರ್ಕಾರದ ಪಟ್ಟಿ ಮೀಸಲಾತಿಯ ಆಡಳಿತಕ್ಕಾಗಿ ಮಾಡಿದ್ದು. ಯಾರ ಮೂಲ ಯಾವುದು ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಇನ್ನು ಥರ್ಸ್ಟನ್ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದು ಜನರ ಮೂಗು, ತಲೆಗಳ ಅಳತೆ ತೆಗೆದು ಜಾತಿಗಳನ್ನು ವಿಂಗಡಿಸಲು ಹೊರಟವನು. 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಅವನ ಗ್ರಂಥವನ್ನೂ ಅಂಥ ಬ್ರಿಟಿಷ್ ಕಾಲದ ಇತರ ಗ್ರಂಥಗಳನ್ನೂ ಜಾತಿ ವಿಷಯಕ್ಕೆ ಆಧಾರವಾಗಿ ಇಂಗ್ಲಿಷ್ ವಿಕಿಪೀಡಿಯದ ಅನುಭವಿ ಸಂಪಾದಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರದು ಹಟವೆಂದು ನಮ್ಮವರು ಸಿಟ್ಟಾಗುತ್ತಾರೆ. ಹಟವಲ್ಲ, ಸಕಾರಣವಾದ ಎಚ್ಚರಿಕೆ.

ಆದರೆ ಆ ಪುಸ್ತಕವನ್ನು ಪೂರ್ತಿ ಎಸೆಯಲೂ ನನಗೆ ಮನಸ್ಸಿಲ್ಲ. ಕಪ್ಪಿಲಿಯರ ಅಧ್ಯಾಯದಲ್ಲಿ ಕಂಬಂನ ದೇವರ ದನಗಳ ವಿಷಯ ಬರುತ್ತದೆ. ಮಂದೆಗೆ ‘ದೇವರು ಆವು’ ಎಂದೂ, ಅದರ ಮುಖ್ಯ ಹೋರಿಗೆ ‘ಪಟ್ಟದ ಆವು’ ಎಂದೂ ಹೆಸರು. ಪಟ್ಟ ತೆರವಾದಾಗ ದನಗಳ ಮುಂದೆ ಕಬ್ಬಿನ ಕಂತೆ ಇಟ್ಟು, ಮೊದಲು ಕಬ್ಬಿನ ಬಳಿ ಬಂದದ್ದನ್ನು ಆರಿಸುತ್ತಿದ್ದರಂತೆ. ಆಗಿನ ಮಧುರೈ ಜಿಲ್ಲೆಯ ಮೂಲೆಯೊಂದರ ಕನ್ನಡ ಇಂಗ್ಲಿಷ್ ಪುಸ್ತಕಕ್ಕೆ ಹೀಗೆ ಹತ್ತಿದ್ದು ನಮಗೆ ಸಿಕ್ಕ ಭಾಗ್ಯ. ಇವತ್ತು ಕಂಬಂನಲ್ಲಿ ಮಾಟ್ಟುಪೊಂಗಲ್‌ಗೆ ಜನ ಮುಗಿಬೀಳುವ ತಂಬಿರಾನ್ ಮಾಡು ತೊಳುವನ್ನು, ಎಂದರೆ ದೇವರ ದನಗಳ ಕೊಟ್ಟಿಗೆಯನ್ನು, ಪತ್ರಿಕೆಗಳು ಒಕ್ಕಲಿಗರ ಆಚರಣೆ ಎಂದು ಬರೆಯುತ್ತವೆ. ಅದು ಕಪ್ಪಿಲಿಯರದೋ ಒಕ್ಕಲಿಗರದೋ ಎಂದು ಸಾಲನ್ನು ಹತ್ತು ಸಲ ತಿದ್ದುವ ಬದಲು, 1909ರ ಪುಸ್ತಕ ಹೀಗೆ ಹೇಳಿದೆ, ಈಗಿನ ವರದಿಗಳು ಹೀಗೆ ಹೇಳುತ್ತವೆ ಎಂದು ಎರಡು ಸಾಲು ಬರೆದರೆ ಓದುಗ ಹೆಚ್ಚು ತಿಳಿದುಕೊಳ್ಳುತ್ತಾನೆ. ಕಂಡ ಆಚರಣೆಗೆ ಥರ್ಸ್ಟನ್ ಸಾಕ್ಷಿಯಾಗಬಲ್ಲ. ಜಾತಿಯ ಮೇಲು ಕೀಳಿಗೆ ಅವನ ಸಾಕ್ಷಿ ಬೇಡ.

ಮೂರನೆಯದು ಸಂಖ್ಯೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡದವರು 12.8 ಲಕ್ಷಕ್ಕೂ ಹೆಚ್ಚು. ನೀಲಗಿರಿಯ ಬಡಗರ ಮಾತನ್ನೂ ಜನಗಣತಿ ಕನ್ನಡದ ಅಡಿಯಲ್ಲೇ ಎಣಿಸುತ್ತದೆ, ಬಡಗರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ಸಂಖ್ಯೆ ಬರೆದವರು ಅದರೊಳಗೆ ಯಾರ್‍ಯಾರಿದ್ದಾರೆ ಎಂಬುದನ್ನೂ ಬರೆಯಲಿ, ಅಷ್ಟೇ.

ನಿಯಮಗಳು ಕೆಲವರಿಗೆ ಕಿರಿಕಿರಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇತರರ ಬರಹವನ್ನು ರದ್ದುಮಾಡಿದರೆ ಖಾತೆಗೆ ತಡೆ ಬೀಳಬಹುದು. ಅದನ್ನು ತಪ್ಪಿಸಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಎಲ್ಲರೂ ಹೋಗಿ ಬದಲಿಸಿ’ ಎಂದು ಕರೆ ಕೊಡುವುದು ಇನ್ನೂ ಕೆಟ್ಟ ಚಾಳಿ. ದಯವಿಟ್ಟು ಬೇಡ. ಹಾಗೆ ಬಂದ ಹತ್ತು ಹೊಸ ಖಾತೆಗಳನ್ನು ನೋಡಿದ ನಿರ್ವಾಹಕರು ಪುಟಕ್ಕೇ ಬೀಗ ಹಾಕುತ್ತಾರೆ, ಆಧಾರವಿಟ್ಟು ಬರೆಯುವ ಹನ್ನೊಂದನೆಯವನೂ ಹೊರಗುಳಿಯುತ್ತಾನೆ. ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಯಲ್ಲಿ ತೂಕದ ತಕರಾರು ಬಂದರೆ ಮೂಟೆಯನ್ನು ಮತ್ತೆ ತಕ್ಕಡಿಗೆ ಇಡುತ್ತಾರೆಯೇ ಹೊರತು ಬೀದಿಗೆ ಎಸೆಯುವುದಿಲ್ಲ. ವಿಕಿಪೀಡಿಯದಲ್ಲಿ ಆ ತಕ್ಕಡಿ ಪ್ರತಿ ಪುಟದ ಹಿಂದಿರುವ ಚರ್ಚಾಪುಟ. ಅಲ್ಲಿ ಮುಗಿಯದ್ದನ್ನು ಕನ್ನಡದವರು ‘ಅರಳಿ ಕಟ್ಟೆ’ಯಲ್ಲೂ ತಮಿಳರು ‘ಆಲಮರತ್ತಡಿ’ಯಲ್ಲೂ ಮಾತಾಡುತ್ತಾರೆ. ಎರಡು ವಿಕಿಪೀಡಿಯಗಳೂ 2003ರಲ್ಲಿ ಹುಟ್ಟಿದವು. ನಮ್ಮಂಥವರಿಗೆ ಎರಡೂ ಮರದ ನೆರಳಿನಲ್ಲಿ ಕೂರುವ ಹಕ್ಕಿದೆ.

ಇಂಥ ಜಗಳ ನಮ್ಮದೊಂದೇ ಅಲ್ಲ. ಬಾಲ್ಟಿಕ್ ತೀರದ ಒಂದು ಊರನ್ನು ಪೋಲಿಷ್ ಹೆಸರಿನಿಂದ ಗ್ಡಾನ್ಸ್ಕ್ ಎನ್ನಬೇಕೋ ಜರ್ಮನ್ ಹೆಸರಿನಿಂದ ಡಾನ್‌ಜಿಗ್ ಎನ್ನಬೇಕೋ ಎಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಹುಕಾಲ ತಿದ್ದುಪಡಿಯ ಕಾಳಗ ನಡೆಯಿತು. 2005ರಲ್ಲಿ ಮತಕ್ಕೆ ಹಾಕಿ, 1308ರಿಂದ 1945ರವರೆಗಿನ ಸಂಗತಿಗಳಿಗೆ ಡಾನ್‌ಜಿಗ್, ಉಳಿದ ಕಾಲಕ್ಕೆ ಗ್ಡಾನ್ಸ್ಕ್ ಎಂದು ಗೆರೆ ಎಳೆದರು. ಎಲ್ಲರಿಗೂ ಸಂತೋಷವಾಗಲಿಲ್ಲ, ಆದರೂ ಕೆಲಸ ಮುಂದೆ ಸಾಗಿತು. ಕ್ರೊಯೇಷಿಯನ್ ವಿಕಿಪೀಡಿಯದ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ರಾಷ್ಟ್ರವಾದಿ ಗುಂಪು ನಿರ್ವಾಹಕರ ಅಧಿಕಾರ ಹಿಡಿದು ವರ್ಷಗಟ್ಟಲೆ ಒಪ್ಪದವರನ್ನು ಹೊರಗಟ್ಟಿತು, ಇತಿಹಾಸವನ್ನು ತನಗೆ ಬೇಕಾದಂತೆ ತಿರುಚಿತು. ವಿಕಿಮೀಡಿಯ ಪ್ರತಿಷ್ಠಾನವೇ 2021ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಬೇಕಾಯಿತು. ಕನ್ನಡ ವಿಕಿಪೀಡಿಯದಲ್ಲಿ ದಿನವೂ ಬರೆಯುವವರು ಕೆಲವೇ ಮಂದಿ. ಸಣ್ಣ ಊರಿನಲ್ಲಿ ಒಬ್ಬ ಹಟಮಾರಿ ಸಾಕು. ಹಾಗಾಗಿ ನಮ್ಮ ಪುಟಗಳಿಗೆ ಹೆಚ್ಚು ಕಣ್ಣು ಬೇಕು, ನಮ್ಮನ್ನು ಒಪ್ಪದ ಕಣ್ಣುಗಳೂ ಬೇಕು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ವಿಕಿಪೀಡಿಯ ಕೇಳುವುದು ಅಚ್ಚಾದ ಆಧಾರ. ನಮ್ಮ ಕನ್ನಡ ಅಚ್ಚಾಗಿಲ್ಲ. ಮನೆಯಲ್ಲಿ ಆಡುತ್ತೇವೆ, ಶಾಲೆಯಲ್ಲಿ ತಮಿಳು ಓದುತ್ತೇವೆ. ಮದುವೆ ಶಾಸ್ತ್ರ, ಕುಲದೇವರ ಕತೆ, ಬಳಿಗಳ ಹೆಸರು, ಎಲ್ಲವೂ ಬಾಯಿಂದ ಬಾಯಿಗೆ. ಸಂಘದವರು ಹೊರತರುವ ಸಮ್ಮೇಳನದ ಸ್ಮರಣ ಸಂಚಿಕೆಯನ್ನು ಸ್ವತಂತ್ರ ಆಧಾರವೆಂದು ಯಾರೂ ಒಪ್ಪುವುದಿಲ್ಲ. ಅದೂ ಸರಿಯೇ, ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುವುದಾಗುತ್ತದೆ. ಹಾಗಾದರೆ ಬಾಯಿಮಾತಿನ ಜನರ ಗತಿಯೇನು? ಈ ಪ್ರಶ್ನೆಯನ್ನು 2011ರಲ್ಲೇ ಬೆಂಗಳೂರಿನ ಅಚಲ್ ಪ್ರಭಲ ಎತ್ತಿದ್ದರು. ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಮಲಯಾಳಂ, ಹಿಂದಿ, ಸೆಪೆಡಿ ಮಾತಿನವರ ಆಟ, ಅಡುಗೆ, ಆಚರಣೆಗಳನ್ನು ಅವರ ಬಾಯಿಂದಲೇ ದಾಖಲಿಸಿ, ಆ ಧ್ವನಿಯನ್ನೇ ವಿಕಿಪೀಡಿಯಕ್ಕೆ ಉಲ್ಲೇಖವಾಗಿ ಕೊಡುವ ಪ್ರಯೋಗ ಅವರದು. ವಾದಗಳಾದವು, ಅದು ನಿಯಮವಾಗಿ ನೆಲೆಗೊಳ್ಳಲಿಲ್ಲ. ಆದರೂ ನಮಗೆ ದಾರಿ ಇದೆ, ಸ್ವಲ್ಪ ಸುತ್ತು ದಾರಿ.

ಅಳಿಸುವುದಕ್ಕೆ ಸುರಿಯುವ ಸಮಯವನ್ನು ಆಧಾರ ಹುಟ್ಟಿಸುವುದಕ್ಕೆ ಕೊಡಿ. ನಿಮ್ಮ ಮನೆಯ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಯಾವ ಊರು, ಯಾವ ದಿನ, ಯಾರು ಕೇಳಿದ್ದು ಎಂದು ಬರೆದಿಡಿ. ಊರ ಗುಡಿಯ ಕಲ್ಲಿನಲ್ಲಿ ಅಕ್ಷರವಿದ್ದರೆ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಓದುವ ಕೆಲಸ ಶಾಸನತಜ್ಞರದು. ನಾವೇ ಓದಿ ನಾವೇ ಅರ್ಥ ಬರೆದರೆ ಅದನ್ನು ‘ಸ್ವಂತ ಸಂಶೋಧನೆ’ ಎಂದು ತೆಗೆದುಹಾಕುತ್ತಾರೆ. ದಿಂಡಿಗಲ್ ಪಕ್ಕದಲ್ಲೇ ಗಾಂಧಿಗ್ರಾಮ ಗ್ರಾಮೀಣ ವಿಶ್ವವಿದ್ಯಾಲಯವಿದೆ, ಆ ಕಡೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಿದೆ. ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ನಮ್ಮ ಓಣಿಗಳನ್ನು ತೋರಿಸೋಣ. ಅವರ ಲೇಖನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದನ್ನು ಯಾರು ಬೇಕಾದರೂ ಉಲ್ಲೇಖಿಸಬಹುದು. ಅದು ನಾವು ಬಯಸಿದ್ದಕ್ಕೆ ವಿರುದ್ಧವಾಗಿ ಬಂದರೆ? ಬರಲಿ. ಆ ಸಾಲನ್ನೂ ಉಳಿಸಬೇಕಾದವರು ನಾವೇ.

ಸ್ವಂತ ಜಾತಿಯ ಪುಟ ಬರೆಯುವವರು ಚರ್ಚಾಪುಟದಲ್ಲಿ ಅದನ್ನು ಮೊದಲೇ ಹೇಳಿಬಿಡಿ, ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಕರ್ನಾಟಕದ ಓದುಗರೇ, ನಿಮ್ಮಲ್ಲಿ ಕೇಳುವುದು ಬೇರೆ. ನಮ್ಮಲ್ಲಿ ಬಹುಪಾಲು ಜನರಿಗೆ ಕನ್ನಡ ಲಿಪಿ ಬಾರದು. ಕನ್ನಡ ಪುಟದ ಚರ್ಚೆಗೆ ಅವರು ತಮಿಳು ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಬಂದಾಗ ಅದನ್ನು ಕಸವೆಂದು ಅಳಿಸಬೇಡಿ. ತಮಿಳು ಓದಬಲ್ಲವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಬರೆದು, ಏನು ಆಧಾರವಿದೆ ಎಂದು ಕೇಳಿ, ಉತ್ತರಕ್ಕೆ ಒಂದು ವಾರ ಕಾಯಿರಿ. ಮುಂದಿನ ಜನವರಿಯ ಮಾಟ್ಟುಪೊಂಗಲ್ ಹೊತ್ತಿಗೆ ಕಂಬಂನ ದನದ ತೊಳುವಿನ ಪುಟದಿಂದಲೇ ಇದನ್ನು ಶುರುಮಾಡಬಹುದು. ಚಿತ್ರ ತೆಗೆಯುವವರು ಇಲ್ಲಿದ್ದೇವೆ, ಥರ್ಸ್ಟನ್‌ನ ಸಂಪುಟವನ್ನೂ ಹಳೆಯ ಪತ್ರಿಕೆಗಳನ್ನೂ ಗ್ರಂಥಾಲಯದಲ್ಲಿ ಕೂತು ತಾಳೆ ನೋಡುವವರು ಅಲ್ಲಿಂದ ಬೇಕು.