ಸೌತಿಕಾಯಿ ಪಚಡಿ ಮತ್ತ ಕಡೀಕ ಉಣ್ಣಾಕಿ

ಮೊನ್ನಿ ಸಂಜಿಕ ಮಗ್ಗಲ ಮನಿಯಾಕಿ ಒಂದ ಬಟ್ಟಲ ಹಿಡ್ಕೊಂಡು ಬಂದ್ಲು. "ಯಕ್ಕಾ, ನಾನೂ ನಿಮ್ಹಂಗ ಸೌತಿಕಾಯಿ ಮೊಸರ ಪಚಡಿ ಮಾಡ್ತೀನಿ. ಕಲಸಿದಾಗ ಚಂದ ಇರ್ತೈತಿ, ನಾ ಉಣ್ಣೂ ಹೊತ್ತಿಗಿ ಮಜ್ಜಿಗಿ ಆಗಿರ್ತೈತಿ. ಏನ್ ತಪ್ಪಾಗೈತಿ ನೋಡ್ರಿ" ಅಂದ್ಲು. ನೋಡಿದೆ. ಮ್ಯಾಲ ನೀರು, ತೆಳಗ ಮೆತ್ತಗಾದ ಸೌತಿಕಾಯಿ ಚೂರು. ನಾಲಿಗಿ ಮ್ಯಾಲ ಹಾಕ್ಕೊಂಡೆ, ಒಗ್ಗರಣಿ ಚೊಲೊ ಇತ್ತು, ಮೊಸರೂ ಚೊಲೊ ಇತ್ತು. "ನಿನ್ನ ಕೈಯಾಗ ತಪ್ಪಿಲ್ಲವ್ವಾ, ನೀ ಉಣ್ಣೂ ಹೊತ್ತು ತಪ್ಪೈತಿ" ಅಂದೆ. ಆಕಿ ನಕ್ಕಳು. ನಾ ನಗಸಾಕ ಹೇಳಿದ್ದಿಲ್ಲ. ಅದಕ್ಕ ಇವತ್ತ ಇದನ್ನ ಬರಿಯಾಕತ್ತೀನಿ.

ಮೊದಲ ಪಚಡಿ ಹೆಂಗ ಮಾಡೂದು ಅಂತ ಹೇಳ್ತೀನಿ. ನಾಕ ಮಂದಿಗಿ 2 ಎಳೀ ಸೌತಿಕಾಯಿ, ಒಂದೂವರಿ ಬಟ್ಟಲ ಗಟ್ಟಿ ಮೊಸರು, 2 ಚಮಚ ಹುರದ ಶೇಂಗಾದ ಪುಡಿ, 2 ಹಸಿಮೆಣಸಿನಕಾಯಿ, 4 ಎಸಳ ಬಳ್ಳೊಳ್ಳಿ, ಅರ್ಧ ಚಮಚ ಜೀರಗಿ, ಒಂದ ಹಿಡಿ ಕೊತ್ತಂಬ್ರಿ. ಸೌತಿಕಾಯಿ ತುದಿ ಕೊಯ್ದು ಒಂದ ಚೂರ ತಿಂದ ನೋಡ್ರಿ, ಕಹಿ ಇದ್ರ ಅದನ್ನ ಬಿಟ್ಟು ಬ್ಯಾರೆ ತಗೋರಿ. ಬೀಜ ಬಲಿತಿದ್ರ ನಡುವಿನ ತಿರುಳು ತಗದ ಬಿಡ್ರಿ, ನೀರೆಲ್ಲಾ ಅದರಾಗ ಇರ್ತೈತಿ. ಹೆರದ್ರ ಲಗೂನ ನೀರು ಬಿಡತೈತಿ. ನಾ ಅಂತೂ ಕೈಯಾಗ ಹಿಡದು ಸಣ್ಣಗ ಕೊಚ್ಚತೀನಿ, ನಮ್ಮವ್ವ ಹಂಗ ಮಾಡ್ತಿದ್ಲು. ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ ಮಿಕ್ಸರಿಗಿ ಹಾಕಬ್ಯಾಡ್ರಿ, ಕಲ್ಲಿನಾಗ ತರಿತರಿ ಕುಟ್ಟರಿ. ಎಣ್ಣ್ಯಾಗ ಸಾಸಿವಿ, ಕರಿಬೇವು, ಚಿಟಿಕಿ ಇಂಗು ಹಾಕಿ ಒಗ್ಗರಣಿ ಮಾಡಿ ಆರಾಕ ಇಡ್ರಿ. ಬಿಸಿ ಒಗ್ಗರಣಿ ಸುರುವಿದ್ರ ಮೊಸರು ಒಡದಂಗ ಆಗತೈತಿ.

ಮೊಸರಿನ ಮಾತ ಬಂತು ಅಂದ್ರ ನಂಗ ತವರ ನೆನಪಾಗತೈತಿ. ನಾ ಬಸವನ ಬಾಗೇವಾಡಿ ಕಡಿಯಾಕಿ, ಕೊಟ್ಟಿದ್ದು ಸಿಂದಗಿಗಿ. ಕೊಲ್ಹಾರ ಮೊದಲ ನಮ್ಮ ಬಾಗೇವಾಡಿ ತಾಲೂಕಿನಾಗ ಇತ್ತು, ಈಗ ಅದೇ ಒಂದ ತಾಲೂಕು. ಅಲ್ಲಿ ಮೊಸರು ಮಣ್ಣಿನ ಸಣ್ಣ ಗಡಗಿಯಾಗ ಹೆಪ್ಪ ಹಾಕಿ ಮಾರ್ತಾರ. ಮಣ್ಣು ನೀರು ಹೀರ್ಕೊಂತೈತಿ, ಮೊಸರು ಚಾಕುವಿನಿಂದ ಕೊಯ್ಯೂವಷ್ಟು ಗಟ್ಟಿ ಆಗತೈತಿ. ಆಲಮಟ್ಟಿ ಹಿನ್ನೀರಿಗಿ ಹಳೇ ಕೊಲ್ಹಾರ ಮುಳುಗಿತು, ಮೊಸರಿನ ಹೆಸರು ಮುಳುಗಲಿಲ್ಲ. ಅಂಥಾ ಮೊಸರು ಸಿಗದಿದ್ರ ಪಾಕೀಟ ಮೊಸರನ್ನ ತೆಳುವು ಅರಿವ್ಯಾಗ ಕಟ್ಟಿ ಒಂದ ತಾಸು ತೂಗ ಹಾಕ್ರಿ. ಮೊಸರು ಸಪ್ಪಗಿದ್ರ ಇಂಡಿಯಾಗ ಇರೂ ನನ್ನ ತಂಗಿ ನಾಕ ಹನಿ ಲಿಂಬಿ ರಸ ಹಿಂಡತಾಳ. ಜಿಐ ಟ್ಯಾಗ್ ಸಿಕ್ಕ ಲಿಂಬಿ ಊರಿನಾಕಿ ಆಕಿ, ಕೇಳೂದೇನೈತಿ!

ಇನ್ನ ನೀರಿನ ಮಾತು. ಸೌತಿಕಾಯಿಗಿ ಉಪ್ಪ ತಾಗಿದ ಕೂಡ್ಲೆ ಒಳಗಿನ ನೀರು ಹೊರಗ ಬರತೈತಿ. ಇದು ನಮ್ಮ ಮನಿ ಕಾಟ ಅಷ್ಟ ಅಲ್ಲ. ಗ್ರೀಸ್ ದೇಶದಾಗ, ತುರ್ಕಿಯಾಗೂ ಸೌತಿಕಾಯಿ, ಮೊಸರು, ಬಳ್ಳೊಳ್ಳಿ ಕೂಡಿಸಿ ನಮ್ಮ ಪಚಡಿ ಹಂಗ ಮಾಡ್ತಾರ. ಗ್ರೀಸಿನವರು ಸೌತಿಕಾಯಿ ಹೆರದು, ಮೊದಲ ಉಪ್ಪ ಹಚ್ಚಿ, ನೀರು ಹಿಂಡಿ ತಗದು ಆಮ್ಯಾಲ ಸೋಸಿದ ಮೊಸರಿಗಿ ಹಾಕ್ತಾರ. ನಮಗ ಹಿಂಡೂದು ಬ್ಯಾಡ, ಹಿಂಡಿದ್ರ ಕಟಕಟ ಅನ್ನೂದು ಹೋಗಿಬಿಡತೈತಿ. ಸೋಲಾಪುರದ ಬೀಗರ ಕೋಶಿಂಬೀರದಾಗ, ನಮ್ಮ ಪಚಡಿಯಾಗ ಶೇಂಗಾ ಪುಡಿ ಇರೂದು ರುಚಿಗಿ ಅಷ್ಟ ಅಲ್ಲ, ಬಿಟ್ಟ ನೀರು ಅದು ಕುಡಿತೈತಿ. ಆದ್ರೂ ಅದು ಎಷ್ಟಂತ ಕುಡದೀತು? ಕಾಲ ತಾಸು. ಅದಕ್ಕ ಪಚಡಿ ಕಾಯೂ ಅಡಗಿ ಅಲ್ಲ. ಎಣಗಾಯಿ ಕಾಯತೈತಿ, ಬ್ಯಾಳಿ ಕಾಯತೈತಿ, ಮರುದಿನಕ್ಕ ರುಚಿನೂ ಹೆಚ್ಚಾಗತೈತಿ. ಪಚಡಿ ಕಲಸಿದ ಮ್ಯಾಲ ಉಣ್ಣಬೇಕು, ಇಲ್ಲಾ ಅದರ ಆಸೆ ಬಿಡಬೇಕು.

ಹಂಗಾರ ಅದರ ಆಸೆ ಬಿಟ್ಟಾಕಿ ಯಾರು? ಕಲಸಿದಾಕೀನ. ಗಂಡಸರು ಉಂಡು, ಹುಡುಗ್ರು ಉಂಡು, ಬಂದವರು ಉಂಡು, ಕಡೀಕ ಅಡಗಿಮನ್ಯಾಗ ಕುಂತು ನಾವು ಉಣ್ಣೂ ಹೊತ್ತಿಗಿ ಎರಡ ತಾಸು ಆಗಿರ್ತೈತಿ.

ನಮ್ಮ ಅತ್ತಿಗಿ ಪಚಡಿ ಅಂದ್ರ ಆಗತಿದ್ದಿಲ್ಲ. "ನೀರ ನೀರ ಅದೇನ ಉಣ್ಣೂದು, ನೀವ ಉಣ್ರಿ" ಅಂತಿದ್ರು. ಹಂಗ ಅಂತಾನೂ ಜೀವನಪೂರ್ತಿ ಮನಿ ಮಂದಿಗೆಲ್ಲಾ ಮಾಡಿ ಬಡಿಸಿದ್ರು. ಕಡೀ ಎರಡ ವರ್ಷ ಹಾಸಿಗಿ ಹಿಡದ್ರು. ಆವಾಗ ಎಲ್ಲಾರಕಿಂತ ಮೊದಲ ಅವರಿಗಿ ಉಣಿಸಬೇಕಾತು. ಒಂದ ದಿನ ಆಗಷ್ಟ ಕಲಸಿದ ಪಚಡಿ ರೊಟ್ಟಿಗಿ ಹಚ್ಚಿ ಬಾಯಾಗ ಇಟ್ಟೆ. ಅಗದು, ನನ್ನ ಮಾರಿ ನೋಡಿ, "ಇವತ್ತ ಏನ ಹಾಕಿ ಮಾಡೀಯವಾ?" ಅಂದ್ರು. ನಾ ಏನೂ ಹೊಸಾದು ಹಾಕಿದ್ದಿಲ್ಲ. ಅವರು ಕಲಿಸಿಕೊಟ್ಟಂಗ ಮಾಡಿದ್ದೆ. ತಾವು ಮಾಡೂ ಅಡಗಿ ರುಚಿ ಅವರಿಗಿ ಮುಪ್ಪಿನ ಕಾಲಕ್ಕ, ಹಾಸಿಗಿ ಮ್ಯಾಲ ಗೊತ್ತಾತು.

ಅಷ್ಟ ಕಂಡ ಮ್ಯಾಲೂ ನಂಗ ಬುದ್ಧಿ ಬರಲಿಲ್ಲ, ಅದನ್ನ ಹೇಳಾಕ ನಾಚಿಕಿ ಆಗತೈತಿ. ನಮ್ಮ ಸೊಸಿ ಮುದ್ದೇಬಿಹಾಳ ಕಡಿಯಾಕಿ. ಮದಿವ್ಯಾಗಿ ಬಂದ ಹೊಸದಾಗಿ "ನಮ್ಮ ಹುಡುಗಿ ಪಚಡಿ ಮುಟ್ಟೂದಿಲ್ಲ ನೋಡ್ರಿ" ಅಂತ ಓಣಿಯಾಗ ನಾನ ಹೇಳ್ಕೊಂತ ತಿರಗೀನಿ. ಒಂದ ಶ್ರಾವಣ ಸೋಮಾರ ಮನ್ಯಾಗ ಮಂದಿ ಬಾಳ ಇದ್ರು. ಮೂರಕ್ಕ ಆಕಿ ತಾಟ ಹಾಕ್ಕೊಂಡು ಕುಂತಳು. ಪಚಡಿ ಬುಟ್ಟಿ ಬಗ್ಗಿಸಿದ್ಲು, ಬರೇ ಬಿಳೀ ನೀರು ಬಿತ್ತು. ಆಕಿ ಏನೂ ಅನ್ನಲಿಲ್ಲ, ಚಟ್ನಿ ಹಚ್ಕೊಂಡು ಉಂಡ್ಲು. ಹುಡುಗಿ ಪಚಡಿ ಮುಟ್ಟತಿದ್ದಿಲ್ಲ ಅಂತಲ್ಲ, ಪಚಡಿ ಹುಡುಗಿ ತನಕ ಬರತಿದ್ದಿಲ್ಲ. ಬಡಿಸಿ ಮುಗಿಸಿದಾಕಿ ನಾನ ಇದ್ದೆ.

ಈ ಮಾತ ಹೇಳಿದ್ರ ನಮ್ಮ ಚಿಗವ್ವ ಕೇಳತಾಳ, "ಎಲ್ಲಾರೂ ಕೂಡೇ ಕುಂತ್ರ ರೊಟ್ಟಿ ಬಡಿಯಾಕಿ ಯಾರ? ಬಿಸಿ ರೊಟ್ಟಿ ಇಲ್ಲದ ಊಟಕ್ಕ ಏನ ರುಚಿ?" ಆಕಿ ಮಾತನ್ಯಾಗ ಸುಳ್ಳಿಲ್ಲ. ಹಂಚಿನ ಮ್ಯಾಲಿಂದ ಇಳಿಸಿದ ಜ್ವಾಳದ ರೊಟ್ಟಿ ಮುಂದ ಬ್ಯಾರೆ ಏನೂ ಇಲ್ಲ. ಮನಿ ಮಂದಿಗಿ ಬಿಸೇದು ಹಾಕಬೇಕು ಅನ್ನೂದು ನನಗೂ ಆಸೇನ. ಆದ್ರ ಬಿಸಿ ರೊಟ್ಟಿ ಅವರ ಪಾಲಿಗಿ, ನೀರಾದ ಪಚಡಿ ನಮ್ಮ ಪಾಲಿಗಿ ಅಂತ ಯಾರ ಬರದಾರ? ದಿನಾ ಅಲ್ಲದಿದ್ರೂ ಪಚಡಿ ಮಾಡಿದ ದಿನ ರೊಟ್ಟಿ ಮೊದಲ ಬಡದು ಅರಿವ್ಯಾಗ ಸುತ್ತಿ ಇಡಾಕ ಬರತೈತಿ. ಕಟಿರೊಟ್ಟಿ ಇದ್ರ ಅದೂ ಬ್ಯಾಡ. ನಮ್ಮ ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಮ್ಯಾಲಿನವರು ತೆಳಗಿನವರು ಅನ್ನೂದು ಬ್ಯಾಡಂತ 12ನೇ ಶತಮಾನದಾಗ ಹೇಳಿದವರ ಊರು. ದಾಸೋಹದಾಗ ಎಲ್ಲಾರೂ ಪಂಕ್ತಿಯಾಗ ಕುಂತು ಉಣ್ಣೂದನ್ನ ನೋಡಿ ಕೈ ಮುಗಿತೀವಿ, ಮನಿಗಿ ಬಂದು ಸೊಸೀನ ಕಡೀಕ ಕುಂಡ್ರಸತೀವಿ.

ಕೂಡೇ ಕುಂಡ್ರೂದು ಆಗೂದ ಇಲ್ಲ ಅನ್ನೂ ಮನೀನೂ ಇರ್ತಾವ. ಅಂಥಲ್ಲಿ ಎರಡ ಸಲ ಕಲಸ್ರಿ. ಕೊಚ್ಚಿದ ಸೌತಿಕಾಯಿ ಒಂದ ಪಾತೇಲಿಯಾಗ, ಮೊಸರು ಖಾರ ಇನ್ನೊಂದರಾಗ ಇಡ್ರಿ, ಶೇಂಗಾ ಪುಡಿ ಬ್ಯಾರೆ ಇರಲಿ. ಉಪ್ಪ ಹಾಕಬ್ಯಾಡ್ರಿ. ಮೊದಲ ಪಂಕ್ತಿಗಿ ಅರ್ಧ ಅಷ್ಟ ಕಲಸಿ ಉಪ್ಪ ಹಾಕಿ ಬಡಸ್ರಿ. ಉಳದರ್ಧ ಕಣ್ಣಿಗಿ ಬೀಳದಂಗ ಫ್ರಿಜ್ಜಿನಾಗ ಇಡ್ರಿ, ಕಂಡ್ರ ಕೇಳ್ತಾರ, ಕೇಳಿದ್ರ ನಾವು ಕೊಟ್ಟ ಬಿಡತೀವಿ. ನೀವು ತಾಟ ಹಾಕ್ಕೊಂಡು ಕುಂತ ಮ್ಯಾಲ ಉಪ್ಪ, ಪುಡಿ ಹಾಕಿ ಕಲಸ್ರಿ. ಎರಡ ನಿಮಿಷದ ಕೆಲಸ. ನಮಗಾಗಿ ಎರಡನೇ ಸಲ ಕಲಸೂದು ಯಾಕ ಅನಸತೈತಲ್ಲ, ಆ "ಯಾಕ" ಅನ್ನೂದನ್ನ ಮೊದಲ ಮನಸಿನಿಂದ ತಗೀರಿ.

ನಮ್ಮ ಮನ್ಯಾಗ ಈಗ ಪಚಡಿ ದಿನ ನಾನೂ ಸೊಸೀನೂ ಎಲ್ಲಾರ ಜೊತಿಗಿ ಕುಂಡ್ರತೀವಿ. ಮೊದಲ ಸಲ ನಮ್ಮ ಯಜಮಾನ್ರು ನೀರು ಬೇಡಿದ್ರು, ಯಾರೂ ಏಳಲಿಲ್ಲ. ಅವರ ಎದ್ದು ತುಂಬ್ಕೊಂಡು ಬಂದ್ರು. ಸೊಸಿ ಎರಡ ಸಲ ಪಚಡಿ ಹಾಕ್ಸಿಕೊಂಡ್ಲು.

ಮಗ್ಗಲ ಮನಿಯಾಕಿ ಬಟ್ಟಲ ಬರಿದು ಕೊಡಬಾರದಂತ 2 ಎಳೀ ಸೌತಿಕಾಯಿ ಇಟ್ಟ ಕೊಟ್ಟೆ. "ಒಂದು ಮನಿ ಮಂದಿಗಿ, ಒಂದು ನಿನಗ. ನಿಂದು ನೀ ಉಣ್ಣಾಕ ಕುಂತಾಗ ಕೊಚ್ಚವಾ" ಅಂದೆ. ನಿಮಗೂ ಅದನ್ನ ಹೇಳ್ತೀನಿ.