ರೋಬೋ ಕೂತ ಜಾಗ

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ವಸ್ತುಪ್ರದರ್ಶನ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ದಸರಾ ಬಂತೆಂದರೆ ಅರಮನೆ ಎದುರಿನ ದೊಡ್ಡಕೆರೆ ಮೈದಾನದಲ್ಲಿ ಮಳಿಗೆಗಳ ಸಾಲು, ಜಯಂಟ್ ವೀಲು, ಮುಖಕ್ಕಿಂತ ದೊಡ್ಡ ಹಪ್ಪಳ. ಹತ್ತನೇ ಚಾಮರಾಜ ಒಡೆಯರ ಕಾಲದಿಂದ ನಡೆದುಬಂದ ಪದ್ಧತಿ ಇದು. ತರಕಾರಿ ಹೆಚ್ಚುವ ಯಂತ್ರದವನು ಒಂದು ಕ್ಯಾರೆಟ್ ತೆಗೆದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೂವು ಮಾಡಿ ತೋರಿಸುತ್ತಾನೆ. ಅದನ್ನೇ ಮನೆಗೆ ತಂದರೆ ನಮ್ಮ ಕೈಯಲ್ಲಿ ಹೂವು ಬರುವುದಿಲ್ಲ, ಚೂರು ಬರುತ್ತದೆ. ತೋರಿಸುವುದು ಒಂದು ವಿದ್ಯೆ, ಬಳಸುವುದು ಇನ್ನೊಂದು ವಿದ್ಯೆ.

ಅಮೆರಿಕದಲ್ಲೂ ಇಂಥದೊಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ಕನ್ಸ್ಯೂಮರ್ ಎಲೆಕ್ಟ್ರಾನಿಕ್ಸ್ ಶೋ ಎಂದು ಅದರ ಹೆಸರು. 1967ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು, ಈಗ ಪ್ರತಿ ಜನವರಿಯಲ್ಲಿ ಲಾಸ್ ವೇಗಾಸ್ ನಗರದಲ್ಲಿ ಸೇರುತ್ತದೆ. ಟಿವಿ, ಫೋನು, ಆಟದ ಯಂತ್ರ, ಎಲ್ಲವನ್ನೂ ಕಂಪನಿಗಳು ಅಲ್ಲಿ ಮೆರೆಸುತ್ತವೆ. ನಮ್ಮ ದಸರಾ ಪ್ರದರ್ಶನಕ್ಕೂ ಅದಕ್ಕೂ ಒಂದು ವ್ಯತ್ಯಾಸವಿದೆ, ಮಕ್ಕಳೇ. ಅಲ್ಲಿಗೆ ನಿಮಗೂ ನನಗೂ ಪ್ರವೇಶವಿಲ್ಲ. ಅದು ವ್ಯಾಪಾರಿಗಳಿಗೆ, ಕಂಪನಿಯವರಿಗೆ, ಪತ್ರಿಕೆಯವರಿಗೆ ಮಾತ್ರ. ಅಂದರೆ ಆಟದ ಕಂಪನಿ ಅಲ್ಲಿ ಮೆಚ್ಚಿಸಬೇಕಾದದ್ದು ಆಡುವ ಮಗುವನ್ನಲ್ಲ, ಅಂಗಡಿಯವನನ್ನು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಕಥೆ 1985ರದ್ದು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ವಿಡಿಯೋ ಗೇಮ್ ವ್ಯಾಪಾರ ಮಕಾಡೆ ಮಲಗಿತ್ತು. ಯಾರು ಬೇಕಾದರೂ ಏನು ಬೇಕಾದರೂ ಆಟ ಮಾಡಿ ಅಂಗಡಿಗೆ ತುಂಬಿದ್ದರು. 'ಇ.ಟಿ.' ಸಿನಿಮಾದ ಹೆಸರಿನಲ್ಲಿ ಅಟಾರಿ ಕಂಪನಿ ಮಾರಿದ ಆಟವನ್ನು ತಯಾರಿಸಲು ಸಿಕ್ಕಿದ್ದು ಸುಮಾರು ಐದೇ ವಾರ. ಜನ ಬೇಸತ್ತರು. ಮಾರಾಟವಾಗದೆ ಉಳಿದ ಸರಕನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. 2014ರಲ್ಲಿ ಆ ಗುಂಡಿ ಅಗೆದಾಗ ಪೆಟ್ಟಿಗೆಗಳು ನಿಜಕ್ಕೂ ಸಿಕ್ಕವು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಇಳಿಯಿತು ಎನ್ನುತ್ತಾರೆ. ವಿಡಿಯೋ ಗೇಮ್ ಎಂಬ ಮಾತು ಕೇಳಿದರೆ ಅಂಗಡಿಯವರು ಕೈಮುಗಿಯುತ್ತಿದ್ದ ಕಾಲ ಅದು.

ಅಂಥ ಕಾಲದಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಯಂತ್ರ ಹೊತ್ತುಕೊಂಡು ಅಮೆರಿಕಕ್ಕೆ ಬಂತು. ಈ ಕಂಪನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಆಗ ಅದು ಮಾಡುತ್ತಿದ್ದದ್ದು ಇಸ್ಪೀಟ್ ಎಲೆಗಳಂಥ ಆಟದ ಎಲೆಗಳನ್ನು. ಹನಫುದಾ ಅಂತ ಹೆಸರು, ಹೂವಿನ ಎಲೆ ಎಂದರ್ಥ. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ ಅಥವಾ ಹೂವು, ಒಂದೊಂದಕ್ಕೆ ನಾಲ್ಕು ಎಲೆ, ಒಟ್ಟು 48.

ಇದನ್ನು ಓದಿದಾಗ ನನಗೆ ನಮ್ಮ ಗಂಜೀಫಾ ನೆನಪಾಯಿತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಆಟಗಳ ವಿಷಯದಲ್ಲಿ ದೊಡ್ಡ ತಲೆ. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಬಗೆಬಗೆಯ ಗಂಜೀಫಾ ಆಟಗಳ ವಿವರ ಬರೆಸಿಟ್ಟಿದ್ದಾರೆ. ಚದುರಂಗದ 64 ಮನೆಗಳಲ್ಲೂ ಕುದುರೆ ಒಂದೊಂದೇ ಸಲ ಕಾಲಿಟ್ಟು ಮುಗಿಸುವ ಲೆಕ್ಕವನ್ನು ಪಟಗಳಲ್ಲಿ ಮೂಡಿಸಿದ್ದಾರೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದರೆ ಅವರ ಆಟದ ಲೋಕ ಕಾಣಸಿಗುತ್ತದೆ. ನಮ್ಮಲ್ಲಿ ಗಂಜೀಫಾ ಗಾಜಿನ ಪೆಟ್ಟಿಗೆ ಸೇರಿತು, ಅಲ್ಲಿ ಎಲೆ ಮಾಡುತ್ತಿದ್ದವರು ಟಿವಿಯೊಳಗೆ ಹೊಕ್ಕರು. ಎರಡಕ್ಕೂ ಮೂಲ ಮಾತ್ರ ಒಂದೇ: ನಾಲ್ಕು ಜನ ಸುತ್ತ ಕೂತು ಹೊತ್ತು ಕಳೆಯುವ ಆಸೆ.

ನಿಂಟೆಂಡೊ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಟ್ಟ ಯಂತ್ರದ ಹೆಸರೇ ಫ್ಯಾಮಿಲಿ ಕಂಪ್ಯೂಟರ್. ಅದಕ್ಕೆ ಎರಡು ಕಂಟ್ರೋಲರ್‌ಗಳನ್ನು ವೈರಿನಿಂದ ಖಾಯಂ ಆಗಿ ಜೋಡಿಸಿದ್ದರು. ಕೊಂಡವರಿಗೆ ಎರಡನೆಯದು ಬೇಡ ಎನ್ನುವ ಅವಕಾಶವೇ ಇರಲಿಲ್ಲ!

1985ರ ಜನವರಿಯ ಪ್ರದರ್ಶನದಲ್ಲಿ ಅದನ್ನೇ ಬೇರೆ ವೇಷದಲ್ಲಿ ತೋರಿಸಿದರು. ಕೀಬೋರ್ಡು, ಟೇಪ್ ರೆಕಾರ್ಡರು, ಸಂಗೀತ ನುಡಿಸುವ ಮನೆಗಳು, ವೈರಿಲ್ಲದ ಕಂಟ್ರೋಲರು, ಎಲ್ಲ ಸೇರಿಸಿ ದೊಡ್ಡವರ ಕಂಪ್ಯೂಟರಿನಂತೆ ಜೋಡಿಸಿಟ್ಟರು. ಅಂಗಡಿಯವರು ಬಂದರು, ನೋಡಿದರು, ಹೋದರು. ಆರ್ಡರು ಕೊಡಲಿಲ್ಲ.

ಆಗ ಈ ಪ್ರದರ್ಶನ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಜೂನಿನಲ್ಲಿ ಷಿಕಾಗೊ ನಗರದಲ್ಲಿ ನಿಂಟೆಂಡೊ ಮತ್ತೆ ಮಳಿಗೆ ಹಾಕಿತು. ಈ ಸಲ ಕೀಬೋರ್ಡು ಮಾಯ. ಯಂತ್ರ ನೋಡಲು ವಿ.ಸಿ.ಆರ್. ಇದ್ದಂತೆ ಬೂದು ಬಣ್ಣದ ಪೆಟ್ಟಿಗೆ. ಹೆಸರು ಎಂಟರ್‌ಟೈನ್‌ಮೆಂಟ್ ಸಿಸ್ಟಮ್, ವಿಡಿಯೋ ಗೇಮ್ ಎಂಬ ಮಾತೇ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ರೋಬೋ. ಅದರ ಹೆಸರು ರಾಬ್. ಟಿವಿ ಪರದೆ ಮಿನುಗಿದ ಬೆಳಕನ್ನು ಕಣ್ಣಿನಿಂದ ಗ್ರಹಿಸಿ ನಿಧಾನವಾಗಿ ಕೈ ಆಡಿಸುತ್ತಿತ್ತು. ಅಂಗಡಿಯವರ ಕಣ್ಣಿಗೆ ಅದು ಆಟಿಕೆ, ವಿಡಿಯೋ ಗೇಮ್ ಅಲ್ಲ. ಕೆಲವರ ಮನಸ್ಸು ಸ್ವಲ್ಪ ಕರಗಿತು.

ಆದರೂ ಪೂರ್ತಿ ಧೈರ್ಯ ಬರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟ ಶುರು ಮಾಡುವಾಗ ಕಂಪನಿ ಅಂಗಡಿಯವರಿಗೆ ಒಂದು ಮಾತು ಕೊಟ್ಟಿತು: ಮಾರಿದ್ದಕ್ಕೆ ದುಡ್ಡು ಕೊಡಿ, ಉಳಿದದ್ದನ್ನು ನಾವೇ ವಾಪಸು ತೆಗೆದುಕೊಳ್ಳುತ್ತೇವೆ. ಬಿ.ಕಾಂ. ಓದಿದವರಿಗೆ ಇದು ಚಿರಪರಿಚಿತ. ಗೂಡ್ಸ್ ಆನ್ ಸೇಲ್ ಆರ್ ರಿಟರ್ನ್ ಎಂದು ಒಂದು ಪಾಠವೇ ಇತ್ತು. ಮಾಲು ಅಂಗಡಿಯಲ್ಲಿದ್ದರೂ ನಷ್ಟದ ಭಯ ಕಳಿಸಿದವನದು. ತನ್ನ ಸರಕಿನ ಮೇಲೆ ನಂಬಿಕೆ ಇದ್ದವನು ಮಾತ್ರ ಹಾಗೆ ಹೇಳಿಯಾನು. ಆ ನಂಬಿಕೆ ಸುಳ್ಳಾಗಲಿಲ್ಲ. ಲೋಕದ ತುಂಬ ಆ ಯಂತ್ರ 6 ಕೋಟಿಗೂ ಹೆಚ್ಚು ಮಾರಾಟವಾಯಿತು.

ರೋಬೋ ಏನಾಯಿತು? ಅದರ ಜೊತೆ ಆಡಲು ಬಂದದ್ದು ಎರಡೇ ಎರಡು ಆಟ. ಅದರಲ್ಲಿ ಒಂದರ ಹೆಸರು ಜೈರೋಮೈಟ್. ಅದರಲ್ಲಿ ರೋಬೋದ ಕೆಲಸ ಏನು ಗೊತ್ತೇ? ಎರಡನೆಯ ಕಂಟ್ರೋಲರಿನ ಗುಂಡಿ ಒತ್ತುವುದು! ತಿರುಗುವ ಬುಗುರಿಯನ್ನು ಎತ್ತಿ ತಂದು ಗುಂಡಿಯ ಮೇಲೆ ಇಡಬೇಕು, ಆಗ ಪರದೆಯಲ್ಲಿ ಬಾಗಿಲು ಸರಿಯುತ್ತದೆ. ಅದಕ್ಕೆ ಎಷ್ಟು ಹೊತ್ತು ಬೇಕೋ! ಅದೇ ಗುಂಡಿಯನ್ನು ಪಕ್ಕದಲ್ಲಿ ಕೂತ ತಮ್ಮನೋ ತಂಗಿಯೋ ಒತ್ತಿದರೆ ಚಿಟಿಕೆಯಲ್ಲಿ ಮುಗಿಯಿತು. ರೋಬೋ ಕೂತದ್ದು ಇನ್ನೊಬ್ಬ ಮನುಷ್ಯ ಕೂರಬೇಕಾದ ಜಾಗದಲ್ಲಿ. ಪ್ರದರ್ಶನದಲ್ಲಿ ಮೆರೆದ ರೋಬೋ ಬೇಗನೆ ಮೂಲೆ ಸೇರಿತು. ಮೀಸೆಯ ಮಾರಿಯೋ ಉಳಿದುಕೊಂಡ. ಬಾಗಿಲು ತೆಗೆಸಿದ್ದು ರೋಬೋ, ಮನೆಯೊಳಗೆ ನಿಂತದ್ದು ಆಟ.

ನಮ್ಮೂರಿಗೆ ತೊಂಬತ್ತರ ದಶಕದಲ್ಲಿ ಬಂದದ್ದು ಅದೇ ಯಂತ್ರದ ಅಗ್ಗದ ನಕಲುಗಳು. ಟಿವಿ ಗೇಮ್ ಅನ್ನುತ್ತಿದ್ದೆವು. ಕ್ಯಾಸೆಟ್ ಮೇಲೆ 9999 ಆಟ ಎಂದು ಅಚ್ಚು ಹಾಕಿರುತ್ತಿದ್ದರು. ಹಾಕಿ ನೋಡಿದರೆ ಹತ್ತಾರು ಆಟಗಳೇ ಬೇರೆ ಬೇರೆ ಸಂಖ್ಯೆಯಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಆದರೂ ಇಬ್ಬರು ಮಕ್ಕಳು ಒಂದು ಚಾಪೆ ಮೇಲೆ ಕೂತು ಎರಡು ಕಂಟ್ರೋಲರ್ ಹಿಡಿದು ಕಿತ್ತಾಡುತ್ತಾ ನಗುತ್ತಾ ಆಡುತ್ತಿದ್ದದ್ದು ನಿಜ.

ಈಚೆಗೆ ನನ್ನ ಮೊಮ್ಮಗ ಫೋನಿನಲ್ಲಿ ಇಂಥದೊಂದು ಪ್ರದರ್ಶನದ ವಿಡಿಯೋ ತೋರಿಸಿ, "ತಾತ, ಈ ಮೆಷಿನ್ ನನ್ನ ಹುಟ್ಟುಹಬ್ಬಕ್ಕೆ ಕೊಡಿಸ್ತೀಯಾ?" ಅಂದ. ಬೇಡ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. "ಮೊದಲು ಲೆಕ್ಕ ಬರಿಯಪ್ಪ" ಅಂದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದೆವು. ಎಡಗಡೆ ಯಂತ್ರದ ಬೆಲೆ, ಬಲಗಡೆ ಅವನಿಗೆ ಬೇಕಾದ ಆಟಗಳ ಬೆಲೆ. ಕೂಡಿದರೆ ಬಲಗಡೆಯೇ ಹೆಚ್ಚು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಆಟ ತಗೊಂಡ್ರೆ?" ಎಂದ. "ಯಾವುದು?" ಎಂದೆ. ಅವನಿನ್ನೂ ಯೋಚಿಸುತ್ತಿದ್ದಾನೆ. ಹುಟ್ಟುಹಬ್ಬಕ್ಕೆ ಎರಡು ತಿಂಗಳಿದೆ.

ನೀವೂ ಯಾವ ಪ್ರದರ್ಶನ ನೋಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ಮಿಂಚುತ್ತಿರುವುದು ರೋಬೋನೋ ಆಟವೋ? ಸಾಧ್ಯವಾದರೆ ಗೆಳೆಯರ ಮನೆಯಲ್ಲಿ ಒಂದು ಗಂಟೆ ಆಡಿ ನೋಡಿ. ಎರಡನೆಯದು, ಕೊಂಡ ಮೇಲೆ ಇನ್ನೆಷ್ಟು ಖರ್ಚು? ಪುಕ್ಕಟೆ ಎಂದು ಬರುವ ಫೋನಿನ ಆಟಗಳಲ್ಲೂ ಒಳಗೆ ಹೋದ ಮೇಲೆ ಕತ್ತಿಗೊಂದು ದುಡ್ಡು, ಬಟ್ಟೆಗೊಂದು ದುಡ್ಡು ಕೇಳುತ್ತಾರೆ. ಅಜ್ಜ ಅಜ್ಜಿಯರೇ, ನಿಮ್ಮ ಫೋನಿನ ಯುಪಿಐ ಪಿನ್ ಮುದ್ದಿನ ಮೊಮ್ಮಕ್ಕಳಿಗೂ ಹೇಳಬೇಡಿ. ಬೀರುವಿನ ಬೀಗದ ಕೈಗೆ ಇರುವ ಮರ್ಯಾದೆ ಅದಕ್ಕೂ ಇರಲಿ.

ಮೂರನೆಯದು, ಇದನ್ನು ಇಬ್ಬರು ಕೂತು ಆಡಬಹುದೇ? ಆಡಬಹುದಾದರೆ ಎರಡನೆಯ ಕಂಟ್ರೋಲರನ್ನು ನೀವೇ ಕೇಳಿ ಪಡೆಯಿರಿ. ಸೋಲುತ್ತೀರಿ, ಪರವಾಗಿಲ್ಲ. ತಾತನನ್ನು ಸೋಲಿಸುವ ಸಂತೋಷ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ದಿನ ಟಿವಿಯಲ್ಲಿ ಸೋತರೆ ಮರುದಿನ ಚೌಕಾಬಾರದ ಮನೆ ಬರೆದು ಕವಡೆ ಹಾಕಿ, ಲೆಕ್ಕ ಚುಕ್ತಾ ಮಾಡಿಕೊಳ್ಳಿ.