ದೂರುವ ಮೊದಲು ಅಳೆಯೋಣ

ಅರಸೀಕೆರೆಯ ಸುತ್ತಿನ ತೋಟದ ಮನೆಗಳಲ್ಲಿ ಮಧ್ಯಮ ತರಂಗದ ರೇಡಿಯೋ ಗೊರಗುಟ್ಟಿದರೆ, ಒಬ್ಬರು ರೈಲುಮಾರ್ಗದ 25,000 ವೋಲ್ಟಿನ ತಂತಿಯನ್ನು ದೂರುವರು. ಇನ್ನೊಬ್ಬರು ಮೊಬೈಲ್ ಗೋಪುರವನ್ನು. ತಲೆಯ ಮೇಲೆಯೇ ಉರಿಯುತ್ತಿರುವ ಎಲ್‌ಇಡಿ ದೀಪವನ್ನು ಸಂಶಯಿಸುವವರು ವಿರಳ. ಅಂತಹ ಅನೇಕ ದೀಪಗಳೊಳಗಿನ ಮಂಡಲವು ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ಅದರ ಗುಣಿತ ಆವೃತ್ತಿಗಳು ರೇಡಿಯೋ ತರಂಗಗಳವರೆಗೂ ಹಬ್ಬಬಲ್ಲವು. ಈ ವಿದ್ಯುತ್ಕಾಂತೀಯ ಅಡಚಣೆಯ ಮೂಲ ಯಾವುದೆಂಬುದನ್ನು ಊಹೆ ಹೇಳಲಾರದು, ಅಳತೆ ಹೇಳಬಲ್ಲುದು.

ಅಳತೆಯ ತತ್ತ್ವ ವಿದ್ಯಾರ್ಥಿಗಳಿಗೆ ಹೊಸದಲ್ಲ. ಬದಲಾಗುವ ಕಾಂತಕ್ಷೇತ್ರವು ತಂತಿಯ ಸುರುಳಿಯಲ್ಲಿ ವೋಲ್ಟೇಜನ್ನು ಪ್ರೇರಿಸುವುದೆಂದು ಫ್ಯಾರಡೆ 1831ರಲ್ಲಿಯೇ ತೋರಿಸಿದನು. 0.1 ಚದರ ಮೀಟರ್ ವಿಸ್ತೀರ್ಣದ, ಒಂದೇ ಸುತ್ತಿನ ತಂತಿಬಳೆಯನ್ನು ತೆಗೆದುಕೊಳ್ಳೋಣ. 10 ಲಕ್ಷ ಹರ್ಟ್ಸ್ ಆವೃತ್ತಿಯ, 1 ನ್ಯಾನೋಟೆಸ್ಲಾ ಬಲದ ಕ್ಷೇತ್ರವು ಅದರ ತುದಿಗಳಲ್ಲಿ ಸುಮಾರು 0.63 ಮಿಲಿವೋಲ್ಟನ್ನು ಹುಟ್ಟಿಸುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮಲ್ಲಿ ಸುಮಾರು 40,000 ನ್ಯಾನೋಟೆಸ್ಲಾ ಇದ್ದರೂ, ಅದು ಸ್ಥಿರವಾದುದರಿಂದ ನಿಶ್ಚಲವಾದ ಬಳೆಯಲ್ಲಿ ಏನನ್ನೂ ಹುಟ್ಟಿಸದು.

ಕಾಂತಕ್ಷೇತ್ರವನ್ನೇ ಪ್ರತ್ಯೇಕವಾಗಿ ಏಕೆ ಅಳೆಯಬೇಕು? ಈ ಆವೃತ್ತಿಯ ತರಂಗದ ಉದ್ದ 300 ಮೀಟರ್. ಮೂಲದಿಂದ ಸುಮಾರು 50 ಮೀಟರ್ ಒಳಗೆ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ನಿಯತವಾದ ಅನುಪಾತವಿರುವುದಿಲ್ಲ. ಒಂದನ್ನು ಅಳೆದು ಇನ್ನೊಂದನ್ನು ಲೆಕ್ಕಹಾಕುವಂತಿಲ್ಲ. ಕಿವಿಯ ಸಾಕ್ಷ್ಯವೂ ಸಾಲದು. ರೇಡಿಯೋ ತನ್ನ ವರ್ಧನೆಯನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವುದರಿಂದ, ಸದ್ದಿನ ಜೋರು ಕ್ಷೇತ್ರದ ಬಲಕ್ಕೆ ಮಾನವಾಗದು. ಮೊದಲು ಮನೆಯ ಉಪಕರಣಗಳನ್ನೆಲ್ಲ ಆರಿಸಿ ಹಿನ್ನೆಲೆಯನ್ನು ಅಳೆಯಬೇಕು. ಅನಂತರ ಒಂದೊಂದನ್ನೇ ಹಾಕಿ, ಆವೃತ್ತಿ, ದೂರ, ವೇಳೆ, ಬಳೆಯ ದಿಕ್ಕುಗಳನ್ನು ಬರೆದಿಡಬೇಕು.

ಇದು ಬರಿಯ ರೇಡಿಯೋ ಕೇಳುವವರ ಚಿಂತೆಯಲ್ಲ. 1982ರಿಂದ ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುವ ಅತಿ ಕ್ಷೀಣವಾದ ಸಂಕೇತಗಳನ್ನು ಆಲಿಸುತ್ತದೆ. ಅಲ್ಲಿಯ ಆವೃತ್ತಿಗಳು ಬಹಳ ಹೆಚ್ಚಿನವು, ಉಪಕರಣಗಳೂ ಬೇರೆ. ಆದರೆ ಗದ್ದಲದ ನಡುವೆ ಪಿಸುಮಾತನ್ನು ಹಿಡಿಯುವ ಸಮಸ್ಯೆ ಅದೇ.

ಆದುದರಿಂದ ಅರಸೀಕೆರೆ, ಬೇಲೂರು, ಹಳೇಬೀಡುಗಳ ವಿದ್ಯಾಲಯಗಳು ಈ ಅಳತೆಯನ್ನು ಪ್ರಯೋಗಪಾಠದಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಉಪಕರಣಗಳು ದುಬಾರಿಯೆಂಬ ಆಕ್ಷೇಪಣೆ ಅರ್ಧ ಮಾತ್ರ ನಿಜ. ಕಾನೂನಿನ ಮಿತಿಯನ್ನು ಪರೀಕ್ಷಿಸಲು ಪ್ರಮಾಣೀಕೃತ ಮಾಪಕಗಳೇ ಬೇಕು. ಎರಡು ದೀಪಗಳನ್ನು ಹೋಲಿಸಲು ತಂತಿಬಳೆಯೂ ಆಸಿಲೋಸ್ಕೋಪೂ ಎಷ್ಟೋ ವೇಳೆ ಸಾಕು. ರೈಲಿನ ತಂತಿಯ ಬಳಿಗೆ ಮಾತ್ರ ಯಾರೂ ಹೋಗಕೂಡದು.

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹಳೇಬೀಡು ಹಿಂದೆ ದೋರಸಮುದ್ರವಾಗಿತ್ತು. ಕೆರೆಯ ನೀರು ಎಲ್ಲರದಾದುದರಿಂದಲೇ ಅದಕ್ಕೆ ತೂಬೂ ಸರದಿಯೂ ಬೇಕಾದವು. ರೇಡಿಯೋ ತರಂಗಗಳ ಅವಕಾಶವೂ ಎಲ್ಲರ ಸೊತ್ತು. ಅದನ್ನು ಕದಡುತ್ತಿರುವುದು ನೆರೆಯವನ ಪಂಪೋ ನಮ್ಮ ಮನೆಯ ದೀಪವೋ ಎಂಬುದನ್ನು ಅಂಕಿಗಳಿಂದ ತೋರಿಸಬಲ್ಲ ತರುಣರು ಊರಿಗೊಬ್ಬರಿದ್ದರೂ, ಅನೇಕ ವೃಥಾ ಜಗಳಗಳೂ ಭಯಗಳೂ ಇಲ್ಲವಾದಾವು.